ಇನ್ನೂ ಐವತ್ತು ಮಷಿನ್ ಬಿಡ್ರಿ!

ಜಗಳೂರಿನ ಬಸ್ಸಿನಲ್ಲಿದ್ದೆ. ಪ್ರೋಗ್ರಾಮರ್‌ಗಳು ಬರೆದ ಕೋಡನ್ನು ತಾನೇ ಪರೀಕ್ಷೆ ಮಾಡುವ ನಮ್ಮ ಸರ್ವಿಸ್‌ಗೆ ಅವತ್ತು ಎಲ್ಲ ಕಡೆಯಿಂದ ಒಮ್ಮೆಗೇ ಕೆಲಸ ಬಂದು ಬಿದ್ದಿತ್ತು. ಬಾಕಿ ಕೆಲಸದ ಕ್ಯೂ ಫೋನಿನ ಪರದೆ ಮೇಲೆ ಬೆಳೆಯುತ್ತಲೇ ಇತ್ತು. ಫೋನಿನಲ್ಲಿ ಆಫೀಸಿನವರಿಗೆ ಕೂಗಿ ಹೇಳಿದೆ: "ಇನ್ನೂ ಐವತ್ತು ಮಷಿನ್ ಬಿಡ್ರಿ!"

ನೋಡನೋಡುತ್ತಲೇ ಕ್ಯೂ ಕರಗಿತು. ಖುಷಿಗೆ ಸೀಟಿನಿಂದ ಎದ್ದೇಬಿಟ್ಟೆ. "ಎಲ್ಲಾ ಖಾಲಿ ಆತು! ಇನ್ನು ಮಷಿನ್ ನಿಲ್ಲಿಸ್ರಿ!"

ಪಕ್ಕದ ಸೀಟಿನ ಅಜ್ಜಿ ನನ್ನ ತೋಳು ಹಿಡಿದು ಜಗ್ಗಿತು. "ಯಾಕಪ್ಪಾ ನಿಲ್ಲಿಸ್ತೀ? ಮೆಕ್ಕೆಜೋಳ ಒಕ್ಕಾಕೆ ಎಲ್ಲೂ ಮಷಿನ್ ಸಿಗ್ತಿಲ್ಲ. ನಮ್ಮ ಕಣಕ್ಕೊಂದು ಕಳ್ಸು."

"ಅಜ್ಜೀ, ಇವು ಜೋಳದವಲ್ಲ, ಕಂಪ್ಯೂಟರ್ ಮಷಿನ್."

"ಕಂಪ್ಯೂಟರ್‌ದಾ? ಹಂಗಾದ್ರೆ ಇನ್ನೂ ಒಳ್ಳೇದಾತು, ಕಾಳು ಒಡೆಯಲ್ಲ!" ಅಜ್ಜಿ ಇಡೀ ಬಸ್ಸಿಗೆ ಕೇಳುವಂತೆ ಅಂದಿತು.

ಜಗಳೂರಿನಲ್ಲಿ ಇಳಿದಾಗ ನನ್ನ ಫೋನ್ ನಂಬರ್ ಕೇಳಲು ಬಸ್ಸಿನ ರೈತರೆಲ್ಲ ಕ್ಯೂ ನಿಂತಿದ್ದರು. ಆ ಕ್ಯೂಗೆ ಬಿಡಾಕೆ ನನ್ನ ಹತ್ರ ಒಂದು ಮಷಿನ್ನೂ ಇರಲಿಲ್ಲ.