ಸುಣ್ಣದ ಗುಂಡಿ

ಕಳೆದ ವಾರ ಪಕ್ಕದ ಮನೆಯಾಕೆ ಗೋಡೆಗೆ ಬಳಿಯಲೆಂದು ಬಕೆಟ್ಟಿನಲ್ಲಿ ಸುಟ್ಟ ಸುಣ್ಣ ಹಾಕಿ ನೀರು ಸುರಿದಳು. ಭುಸ್ಸೆಂದು ಹಬೆ ಎದ್ದಿತು. ಮೂಗು ಸುಡುವ ಆ ವಾಸನೆ ಬಂದದ್ದೇ ತಡ, ನಾನು ಓದುತ್ತಿದ್ದ ಪೇಪರು ಬಿಸಾಡಿ ಅಂಗಳಕ್ಕೆ ಓಡಿ, "ಹಿಂದಕ್ಕ ಸರೀರಿ! ಮಾರಿ ದೂರ ತಗೀರಿ!" ಎಂದು ಕಿರುಚಿದೆ. ಆಕೆ ಬೆದರಿ ನಿಂತಳು. ಎಂಬತ್ತರ ಹತ್ತಿರದ ಈ ಮುದುಕ ಒಂದು ಬಕೆಟ್ಟು ಸುಣ್ಣಕ್ಕೆ ಯಾಕೆ ಹೀಗೆ ಓಡಿಬಂದನೆಂದು ಆಕೆಗೆ ಹೇಗೆ ತಿಳಿಯಬೇಕು...

ಎಪ್ಪತ್ತರ ದಶಕದ ಮೊದಲ ವರ್ಷಗಳು. ಶಹಾಬಾದಿನ ಹತ್ತಿರದ ಭಂಕೂರಿನಲ್ಲಿ ನಾನು ಮಾಸ್ತರನಾಗಿದ್ದೆ. ಊರಂಚಿನಲ್ಲಿ ಒಂದು ತುಂಡು ಜಾಗ ಕೊಂಡು, ಕಲಬುರಗಿಯಲ್ಲಿ ಮನೆಯ ನಕ್ಷೆ ಬರೆಸಿಕೊಂಡು ಬಂದಿದ್ದೆ. ಕಾಂಕ್ರೀಟಿನ ಛಾವಣಿ, ನಾಲ್ಕೂ ಕಡೆ ದೊಡ್ಡ ಕಿಟಕಿ. ಅದನ್ನು ಊರಿನ ಹಿರಿಯ ಗೌಂಡಿಯವರಿಗೆ ತೋರಿಸಿದೆ. ಐವತ್ತು ದಾಟಿದ ಮನುಷ್ಯ. ಅಪ್ಪ, ಅಜ್ಜ ಎಲ್ಲರೂ ಕಲ್ಲುಗೋಡೆ ಕಟ್ಟಿದವರೇ. ಊರಿಗೆಲ್ಲ ಅವರು ಚಾಚಾ. ನಕ್ಷೆಯನ್ನು ಆಚೆ ಈಚೆ ತಿರುಗಿಸಿ ನೋಡಿದರು.

"ಕಾಗದ ಚಂದ ಅದರಿ ಮಾಸ್ತರ. ಆದ್ರ ಇದರಾಗ ನಮ್ಮೂರ ಬಿಸಲೇ ಇಲ್ಲ."

ಮರುದಿನ ನನ್ನನ್ನು ಆ ಬಯಲು ಜಾಗಕ್ಕೆ ಕರೆದೊಯ್ದರು. ಮಾರ್ಚ್ ತಿಂಗಳು. "ಇಲ್ಲಿ ಕುಂದ್ರಿ" ಎಂದರು. ಬೆಳಿಗ್ಗೆಯಿಂದ ಸಂಜೆಯತನಕ ಟವೆಲ್ಲು ಹೊದ್ದು ಕೂತೆ. ಬಿಸಿಲು ಎಲ್ಲಿ ಚುಚ್ಚುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ನನ್ನಿಂದಲೇ ಹೇಳಿಸುತ್ತ ಅವರು ಕಟ್ಟಿಗೆಯಿಂದ ನೆಲದ ಮೇಲೆ ಗೆರೆ ಎಳೆದರು. ಪಡುವಣದ ಗೋಡೆ ಎರಡು ಮೊಳ ದಪ್ಪ, ಅದಕ್ಕೆ ಕಿಟಕಿಯೇ ಇಲ್ಲ. ಗೋಡೆಗೆ ಕಲ್ಲಿನ ಖಣಿಯವರು ಬೇಡವೆಂದು ಎಸೆದ ಫರ್ಸಿಗಲ್ಲಿನ ತುಂಡುಗಳು. ಸಿಮೆಂಟಿನ ಬದಲು ಸುಣ್ಣದ ಗಚ್ಚು. ಕಾಂಕ್ರೀಟಿನ ಛಾವಣಿಯ ಬದಲು ಫರ್ಸಿ ಹಾಸಿ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಅಂಗಳದ ಬೇವಿನ ಗಿಡ ಕಡಿಯಲು ಬಿಡಲಿಲ್ಲ, ಪಡಸಾಲೆಯನ್ನೇ ಅದರ ಪಕ್ಕಕ್ಕೆ ಬಾಗಿಸಿದರು. ಮಗ್ಗುಲಲ್ಲೇ ಸಿಮೆಂಟಿನ ಕಾರ್ಖಾನೆ ಇರುವಾಗ ಇದೆಂಥ ಹಳೇ ಪದ್ಧತಿ ಎಂದು ಗೆಳೆಯರು ನಕ್ಕರು. ನನಗೆ ಮಾತ್ರ ಚಾಚಾ ಎಳೆದ ಗೆರೆಗಳ ನಡುವೆ ಆಗಲೇ ತಂಪು ಹತ್ತಿತ್ತು.

ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಹೆಂಡತಿ ಚೊಚ್ಚಲ ಬಸುರಿ. ಜೂನಿನ ಮೊದಲಿಗೆ ಬರುವ ಮಿರಗದ ಮಳೆಗೆ ಮುಂಚೆ ಮಾಳಿಗೆ ಮುಚ್ಚಲೇಬೇಕೆಂಬ ಅವಸರ ನನಗೆ. ಸುಣ್ಣದ ವಿಷಯದಲ್ಲಿ ಮಾತ್ರ ಚಾಚಾ ಅವಸರ ಸಹಿಸುತ್ತಿರಲಿಲ್ಲ. ಸುಣ್ಣ ಅರಳಿಸುವ ಗುಂಡಿಯಲ್ಲಿ ಮೊದಲು ನೀರು, ಆಮೇಲೆ ಒಂದೊಂದೇ ಸುಟ್ಟ ಸುಣ್ಣದ ಹರಳು. "ಸುಣ್ಣದ ಮ್ಯಾಲ ನೀರು ಹಾಕಬ್ಯಾಡ್ರಿ, ನೀರಾಗ ಸುಣ್ಣ ಹಾಕ್ರಿ" ಎಂದು ಹತ್ತು ಸಲ ಹೇಳಿದ್ದರು.

ಅವತ್ತು ಬೆಳಿಗ್ಗೆ ಗುಂಡಿಯ ನೀರು ಇಂಗಿಹೋಗಿ ಇನ್ನೂ ಅರಳದ ಸುಣ್ಣದ ಹರಳು ಒಂದು ಕಡೆ ಗುಡ್ಡೆಯಾಗಿತ್ತು. ಅದನ್ನು ಸರಿಸಲು ಚಾಚಾ ಸಲಿಕೆ ಹಿಡಿದು ಬಾಗಿದ್ದರು. ನಾನು ಎದುರಿಗಿದ್ದೆ. ಕೈಯಲ್ಲಿ ತುಂಬಿದ ಕೊಡ. ಇವರು ಸರಿಸಿ ಮುಗಿಸುವುದು ಯಾವಾಗ ಎಂದುಕೊಂಡು ಇಡೀ ಕೊಡವನ್ನು ಗುಡ್ಡೆಯ ಮೇಲೆ ಸುರಿದುಬಿಟ್ಟೆ.

ಪಟಾಕಿಯಂತೆ ಸಿಡಿಯಿತು. ಬಿಳಿ ಹಬೆಯ ನಡುವೆ ಚಾಚಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಸಿದರು. "ಯಾ ಅಲ್ಲಾ" ಎಂದದ್ದು ಒಂದೇ ಸಲ. ಗೋಡೆಯ ಆಚೆ ಕಲ್ಲು ಹೊರುತ್ತಿದ್ದ ಅವರ ಮಗಳು ಓಡಿಬಂದು ಅವರ ಕಣ್ಣಿಗೆ ಕೊಡಗಟ್ಟಲೆ ನೀರು ಹೊಯ್ದಳು. ನಾನು? ಖಾಲಿ ಕೊಡ ಹಿಡಿದು ನಿಂತೇ ಇದ್ದೆ. ನನ್ನ ಕೈಯಿಂದ ಯಾರೋ ಅದನ್ನು ಕಸಿದುಕೊಂಡದ್ದಷ್ಟೇ ನೆನಪು...

ಖಣಿಯ ಲಾರಿಯಲ್ಲಿ ಆಸ್ಪತ್ರೆಗೆ ಒಯ್ದೆವು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಚಾಚಾ ಹೇಳಿದರು: "ನನ್ನ ಕೈ ತಪ್ಪಿತ್ರಿ ಸಾಹೇಬ್ರ." ನಾನು ತೆರೆದ ಬಾಯಿ ಮುಚ್ಚಿದೆ. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದಕ್ಕೆ ಹಗಲು ಯಾವುದು ಇರುಳು ಯಾವುದು ಎಂದು ತಿಳಿಯುವಷ್ಟೇ ಬೆಳಕು ಉಳಿದಿತ್ತು.

ಮನೆಯ ಕೆಲಸವನ್ನು ಬೇರೆ ಗೌಂಡಿಗೆ ಒಪ್ಪಿಸಿದೆ. ತಿಂಗಳಾಗಿರಬೇಕು. ಒಂದು ಮುಂಜಾನೆ ಮಗಳ ಹೆಗಲು ಹಿಡಿದು ಚಾಚಾ ಬಂದರು. ಅವರು ನೇರ ಗೋಡೆಗೆ ಅಂಗೈ ಹಚ್ಚಿ ಸವರುತ್ತ ನಡೆದರು. ಒಂದು ಕಡೆ ನಿಂತು ಬೆರಳ ಗೆಣ್ಣಿನಿಂದ ಬಡಿದರು.

"ಈ ಕಲ್ಲು ತಗೀರಿ. ಹಿಂದ ಟೊಳ್ಳದ."

ಹೊಸ ಗೌಂಡಿ ನಕ್ಕ. ಕಲ್ಲು ಕಿತ್ತಾಗ ಒಳಗೆ ಮುಷ್ಟಿ ಹಿಡಿಸುವಷ್ಟು ಜಾಗ ಖಾಲಿ! ಅವನ ನಗು ಅಲ್ಲಿಗೇ ನಿಂತಿತು. ಅಂದಿನಿಂದ ಚಾಚಾ ದಿನಾ ಬಂದರು. ಕಲ್ಲು ಮುಟ್ಟಿ ನೋಡಿ ಎಲ್ಲಿ ಕೂರಿಸಬೇಕೆಂದು ಹೇಳುವರು, ಮಗಳು ಕೂರಿಸುವಳು. ಮಳೆ ಬರುವುದರೊಳಗೆ ಮಾಳಿಗೆ ಮುಚ್ಚಿತು. ಮಗ ಹುಟ್ಟಿದ್ದು ಆ ಮನೆಯಲ್ಲೇ.

ಆಮೇಲೆ ಹನ್ನೆರಡು ವರ್ಷ ಪ್ರತಿ ಬೇಸಿಗೆಯಲ್ಲೂ ಚಾಚಾ ಒಂದು ಮಧ್ಯಾಹ್ನ ಬರುತ್ತಿದ್ದರು. "ತಂಪದನ್ರಿ?" ಎಂದು ಕೇಳಿ ಪಡಸಾಲೆಯಲ್ಲಿ ಕೂರುತ್ತಿದ್ದರು. ಮಳೆ, ಬೆಳೆ, ಮಕ್ಕಳ ಓದು, ಎಲ್ಲ ಮಾತಾಡುತ್ತಿದ್ದೆ. ಚಾ ಕುಡಿದ ಮೇಲೂ ಬಹಳ ಹೊತ್ತು ಸುಮ್ಮನೆ ಕೂತಿರುತ್ತಿದ್ದರು. ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ.

ಅವರು ತೀರಿಕೊಂಡಾಗ ನನಗೆ ಚಿಂಚೋಳಿ ಕಡೆಯ ಕೊಡ್ಲಿ ಎಂಬ ಊರಿಗೆ ವರ್ಗವಾಗಿತ್ತು. ಸುದ್ದಿ ತಿಳಿದು ಬರುವಷ್ಟರಲ್ಲಿ ಮೂರು ದಿನ. ಅವರ ಮಗಳ ಮುಂದೆ ಕೂತು, ತಡೆಯಲಾರದೆ, "ಬೇಟಿ, ಆವತ್ತು ಕೊಡ ಸುರಿದವ ನಾನು" ಎಂದೆ.

ಆಕೆ ಬೆಚ್ಚಲಿಲ್ಲ. ಬೆಚ್ಚಿದವನು ನಾನು.

"ಗೊತ್ತದರಿ ಮಾಸ್ತರ. ಆವತ್ತು ಲಾರಿಯಾಗೇ ಅಬ್ಬಾ ನನ್ನ ಕಿವಿಯಾಗ ಹೇಳಿದ್ರು. 'ಮಾಸ್ತರ ಹೆದರ್ಯಾರ, ಯಾರ ಮುಂದೂ ಅನಬ್ಯಾಡ, ಒಂದಿನ ತಾವೇ ಹೇಳ್ತಾರ' ಅಂದ್ರು. ನಿಮ್ಮ ಮನಿಗಿ ಹೋಗಿ ಬಂದಾಗೊಮ್ಮೆ ನಾ ಕೇಳ್ತಿದ್ದೆ, ಹೇಳಿದ್ರೇನು ಅಬ್ಬಾ ಅಂತ. 'ಮುಂದಿನ ಬ್ಯಾಸಗಿಗಿ ಹೇಳ್ತಾರ' ಅಂತಿದ್ರು."

ಕೊನೆಗೆ ಆಕೆಯೇ ಕೈ ಹಿಡಿದು ನನ್ನನ್ನು ಎಬ್ಬಿಸಿದಳು.

ಹೋದ ವರ್ಷ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಬಂದಿದ್ದರು. ಪರಿಸರಕ್ಕೆ ಒಗ್ಗುವ ಹಳೆಯ ಮನೆಗಳನ್ನು ನೋಡುತ್ತಿದ್ದಾರಂತೆ. ಗೋಡೆಯ ದಪ್ಪ ಅಳೆದರು, ಮಾಳಿಗೆ ಹತ್ತಿದರು, ಕಟ್ಟಿದವರು ಯಾರು ಎಂದು ಕೇಳಿದರು. ಹೇಳಿದೆ. ಅವರ ಕಣ್ಣು ಯಾರ ಕೈಯಿಂದ ಹೋಯಿತು ಎಂಬುದನ್ನೂ ಹೇಳಿದೆ. ಬರೆದುಕೊಳ್ಳುತ್ತಿದ್ದ ಹುಡುಗಿ ಪೆನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

ಗುರುತು ಪರಿಚಯವಿಲ್ಲದ ಮಕ್ಕಳಿಗೆ ಎಷ್ಟು ಸಲೀಸಾಗಿ ಹೇಳಿಬಿಟ್ಟೆ... ಕೇಳಬೇಕಾಗಿದ್ದ ಮನುಷ್ಯ ಹನ್ನೆರಡು ಬೇಸಿಗೆ ನನ್ನೆದುರೇ ಕೂತಿದ್ದರು.