ಇಘಿಲ್ ತಾಲಾಕ್ಕೆ ಒಂದು ಸೀಟು

ಬಂದರು ಪಟ್ಟಣ ಬೆಜಾಯಾದ ವ್ಯಾನ್ ನಿಲ್ದಾಣದಲ್ಲಿ ಅರೆಜ್ಕಿಯ ಗಂಟಲು ಗೊತ್ತಿಲ್ಲದವರಿಲ್ಲ. ಬೆಳಗಾಗುತ್ತಲೇ ಬೆಟ್ಟದ ಊರುಗಳ ಹೆಸರು ಹಿಡಿದು ಕೂಗಲು ನಿಂತನೆಂದರೆ ಬಂದರಿನ ಹಡಗುಗಳೂ ನಾಚಬೇಕು. ವ್ಯಾನ್ ತುಂಬಿಸುವುದು ಅವನ ಕೆಲಸ. ಸೀಟೆಲ್ಲ ತುಂಬದೆ ಇಲ್ಲಿ ಯಾವ ವ್ಯಾನೂ ಹೊರಡುವುದಿಲ್ಲ. ಮುದುಕಿಯರ ಬುಟ್ಟಿ ಮೇಲೆತ್ತಿ, ದಪ್ಪನೆಯವರನ್ನು ಕಿಟಕಿ ಕಡೆ ಸರಿಸಿ, ಬಾಗಿಲಿಗೊಂದು ಏಟು ಬಡಿದು ಕಳಿಸಿಕೊಡುತ್ತಾನೆ. ಹಾಗೆ ದಿನವಿಡೀ ಕೂಗುವ ಹೆಸರುಗಳಲ್ಲಿ ಇಘಿಲ್ ತಾಲಾ ಕೂಡ ಒಂದು. ಅದು ಅವನು ಹುಟ್ಟಿದ ಊರು. ಎಲ್ಲರನ್ನೂ ಆ ಊರಿಗೆ ಹತ್ತಿಸುವ ಈ ಪುಣ್ಯಾತ್ಮ, ಅಮ್ಮ ಸತ್ತ ನಲವತ್ತನೆಯ ದಿನದ ಊಟ ಮುಗಿಸಿ ಇಳಿದು ಬಂದವನು ಮತ್ತೆ ಅತ್ತ ತಲೆ ಹಾಕಿರಲಿಲ್ಲ.

ಆಗಿದ್ದಿಷ್ಟು. ಅಮ್ಮ ಹಾಸಿಗೆ ಹಿಡಿದಾಗ, ಜೊತೆಗಿದ್ದ ಅಕ್ಕ ತಸ್ಸಾದಿತ್ ಫೋನಿನ ಮೇಲೆ ಫೋನು ಮಾಡಿದಳು. "ಈ ಶುಕ್ರವಾರ ಬಂದೇ ಬರ್ತೀನಕ್ಕ, ದೇವರಾಣೆ" ಎಂದ. ಆ ಶುಕ್ರವಾರ ಹೋಯಿತು. ಮುಂದಿನ ಶುಕ್ರವಾರಕ್ಕೂ ಆಣೆ ಹಾಕಿದ, ಅದೂ ಹೋಯಿತು. ಕೆಟ್ಟವನೇನಲ್ಲ ಅವನು. ಬಾಯಲ್ಲಿ ಹೇಳಿಬಿಟ್ಟರೆ ಅರ್ಧ ಕೆಲಸ ಆದಂತೆ ಅವನಿಗೆ ಸಮಾಧಾನವಾಗಿಬಿಡುತ್ತಿತ್ತು, ಅಷ್ಟೆ. ಕೊನೆಗೆ ಮೇಲೆ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಸುಮ್ಮನಿದ್ದನೇ? ನಲವತ್ತನೆಯ ದಿನ ನೆಂಟರೆದುರು ನಿಂತು, "ಇನ್ಮೇಲೆ ತಿಂಗಳಿಗೊಂದ್ಸಲ ಬರ್ತೀನಕ್ಕ, ಅಮ್ಮನ ಮೇಲಾಣೆ" ಎಂದುಬಿಟ್ಟ.

ಅಕ್ಕನ ಕಣ್ಣು ಕೆಂಪಾಯಿತು. "ನಿನ್ನ ಆಣೆ ನಂಬ್ಕೊಂಡೇ ಅಮ್ಮ ಬಾಗಿಲು ನೋಡ್ತಾ ನೋಡ್ತಾ ಹೋದ್ಲು. ಇನ್ನೊಂದು ಆಣೆ ಈ ಮನೆಯೊಳಗೆ ತರಬೇಡ ಮಾರಾಯ" ಎಂದಳು. ಅವನಿಗೆ ಮೈಯೆಲ್ಲ ಉರಿಯಿತು. ಗೋಡೆಗೆ ತೂಗು ಹಾಕಿದ್ದ ಅಮ್ಮನ ಜರಡಿಯನ್ನು ಕಿತ್ತುಕೊಂಡು ಹೊರಟೇ ಬಂದ. ಬ್ರೆಡ್ಡು ಮೊಟ್ಟೆಯಲ್ಲಿ ಕಾಲ ಹಾಕುವ ಬ್ರಹ್ಮಚಾರಿಗೆ ಗೋಧಿ ರವೆಯ ಕುಸ್ಕುಸ್ ಮಾಡುವ ಜರಡಿ ಯಾಕೆ ಬೇಕಿತ್ತೋ, ಆ ದೇವರೇ ಬಲ್ಲ.

ಆಮೇಲೆ ಪ್ರತಿ ಜನವರಿ ಒಂದಕ್ಕೂ ನಿಲ್ದಾಣದ ಹೋಟೆಲಿನಲ್ಲಿ ಅವನದೊಂದು ಶಪಥ. ಪಟ್ಟಣದ ಗಂಡಸರಿಗೆ ಇದೊಂದು ಹೊಸ ಚಟ. ಒಬ್ಬ ಸಿಗರೇಟು ಬಿಡುತ್ತಾನೆ, ಒಬ್ಬ ಹೊಟ್ಟೆ ಇಳಿಸುತ್ತಾನೆ. ಅರೆಜ್ಕಿ ಮಾತ್ರ, "ಈ ವರ್ಷ ಊರಿಗೆ ಹೋಗಿ ಅಕ್ಕನ ಜೊತೆ ರಾಜಿಯಾಗ್ತೀನಿ, ನೋಡ್ತಿರಿ" ಎನ್ನುತ್ತಿದ್ದ. ನೋಡುತ್ತಲೇ ಇದ್ದರು. ಡ್ರೈವರ್ ಹಮ್ಮುವಂತೂ ವರ್ಷವಿಡೀ ಬಿಡುತ್ತಿರಲಿಲ್ಲ. "ಏನಯ್ಯಾ, ಅಕ್ಕ ಕಾಫಿಗೆ ಇಟ್ಟ ನೀರು ಕುದ್ದು ಕುದ್ದು ಬತ್ತಿಹೋಯ್ತಂತೆ!" ಎಲ್ಲರೂ ನಗುತ್ತಿದ್ದರು. ಇವನೂ ನಗುತ್ತಿದ್ದ. ಸಂಜೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಮುಗಿಯಿತು. ದಿನವೆಲ್ಲ ಅರಚಿದ ಬಾಯಿಗೆ ಅಲ್ಲಿ ಒಂದು ಮಾತಿಗೂ ಕೆಲಸವಿಲ್ಲ. ಕೆಮ್ಮಿದರೆ ಯಾಕೆ ಕೆಮ್ಮಿದೆ ಎಂದು ಕೇಳುವವರಿಲ್ಲ.

ಯೆನ್ನಾಯೆರ್ ಬಂದರಂತೂ ಸಂಕಟ ಇನ್ನೂ ಹೆಚ್ಚುತ್ತಿತ್ತು. ಅದು ಬೆಟ್ಟದವರ ಹಳೆಯ ಹೊಸವರ್ಷ. ಆ ಸಂಜೆ ಮನೆಮನೆಯಲ್ಲೂ ಕೋಳಿ, ಕಡಲೆ ಹಾಕಿದ ಕುಸ್ಕುಸ್ ಅಗಲದ ಹರಿವಾಣಕ್ಕೆ ಬೀಳುತ್ತದೆ. ದೂರದಲ್ಲಿರುವವರ ಹೆಸರಿನಲ್ಲಿ ಒಂದೊಂದು ಚಮಚವನ್ನು ಅದರೊಳಗೆ ನೆಟ್ಟು ನಿಲ್ಲಿಸುತ್ತಾರೆ. ಚಮಚ ನಿಂತವನು ಎಲ್ಲೇ ಇರಲಿ, ಮನೆಯವನೇ. ತನ್ನ ಚಮಚವನ್ನು ಅಕ್ಕ ಎಂದೋ ಒಳಗೆ ಎತ್ತಿಟ್ಟಿರುತ್ತಾಳೆ ಎಂದು ಅರೆಜ್ಕಿಗೆ ಖಾತ್ರಿಯಾಗಿತ್ತು. ಬೇರೆ ಯಾವ ನೋವೂ ಅವನನ್ನು ಅಷ್ಟು ತಿಂದಿರಲಿಲ್ಲ. ಹೋಗಿ ನೋಡೋಣವೆಂದರೆ ಇನ್ನೊಂದು ಭಯ. ಆ ದಿನ ಏನಾಗುತ್ತದೋ ವರ್ಷವೆಲ್ಲ ಅದೇ ಆಗುತ್ತದೆ ಎನ್ನುವುದು ಬೆಟ್ಟದವರ ನಂಬಿಕೆ. ಆ ದಿನ ಅಕ್ಕ ಮುಖದ ಮೇಲೆ ಬಾಗಿಲು ಹಾಕಿದರೆ ಗತಿ?

ಈ ಸಲ ಜನವರಿಯ ಮೊದಲ ದಿನವೇ ಎದುರುಮನೆಯ ಮಲ್ಹಾ ಚಿಕ್ಕಮ್ಮ ಮೆಟ್ಟಿಲಲ್ಲಿ ಅಡ್ಡ ಹಾಕಿದಳು. ಗಂಡ ಸತ್ತವಳು, ನಾಲಿಗೆ ಮಾತ್ರ ಗಟ್ಟಿ.

"ಎಲ್ಲಿಗೋ? ಶಪಥ ಮಾಡಕ್ಕಾ?"

"ಹ್ಞೂಂ, ಈ ವರ್ಷ ಖಂಡಿತ..."

"ಮುಚ್ಚೋ ಬಾಯಿ. ವರ್ಷ ಇನ್ನೂ ಹಸುಗೂಸು, ಅದರ ತಲೆ ಮೇಲೆ ಯಾಕೆ ಮೂಟೆ ಹೊರಿಸ್ತೀಯ? ನಮ್ಮಮ್ಮಂದಿರು ಯೆನ್ನಾಯೆರ್‌ಗೆ ಶಪಥ ಮಾಡಿದ್ದು ನೋಡಿದ್ದೀಯಾ? ಬಾಯಿ ಸಿಹಿ ಮಾಡ್ಕೊಂಡ್ರು, ಒಲೆ ಗುಡಿಸಿದ್ರು, ಆಯ್ತು. ನಿಮ್ಮಮ್ಮನ ಜರಡಿ ಅಟ್ಟದ ಮೇಲೆ ಧೂಳು ತಿಂತಿದೆಯಲ್ಲ, ಅದನ್ನ ತೊಳೆದು ಬಿಸಿಲಿಗಿಡು. ಇವತ್ತಿಗೆ ಅಷ್ಟು ಸಾಕು."

"ಅಷ್ಟೇನಾ?"

"ಅಷ್ಟೇ. ಅದೂ ಆಗದಿದ್ರೆ ಬಿಡು, ನಾಳೆ ತೊಳಿ. ಯಾರೂ ನಿನ್ನ ಗಲ್ಲಿಗೇರಿಸಲ್ಲ."

ಅವನಿಗೆ ನಗು ಬಂತು. ಆದರೂ ತೊಳೆದ. ಹಿಟ್ಟು ಕೂತಿದ್ದ ಸಂದಿಯಿಂದ ಅಮ್ಮನ ವಾಸನೆ ಹೋಗಿಬಿಟ್ಟೀತೆಂದು ಹೆಚ್ಚು ಉಜ್ಜಲಿಲ್ಲ. ಕೆಲವು ದಿನ ಬಿಟ್ಟು ಅದನ್ನು ಬಟ್ಟೆಯಲ್ಲಿ ಕಟ್ಟಿ ಬಾಗಿಲ ಬಳಿ ಇಟ್ಟ. ಮಲ್ಹಾ ಇಣುಕಿ ನೋಡಿ, ಏನೂ ಕೇಳದೆ ಹೋದಳು. ಅವನೂ ಯಾರಿಗೂ ಏನೂ ಹೇಳಲಿಲ್ಲ. ಹೋಟೆಲಿನಲ್ಲಿ ಹಮ್ಮು ಕೆಣಕಿದರೂ ಕಾಫಿ ಕುಡಿದು ಎದ್ದುಬಂದ. ಹೇಳದೆ ಇರುವುದು ಎಷ್ಟು ಕಷ್ಟ ಎಂದು ಅವನಿಗೆ ಆಗಲೇ ಗೊತ್ತಾದದ್ದು.

ಹನ್ನೆರಡನೇ ತಾರೀಕು ಸರ್ಕಾರಿ ರಜೆ. ಪಟ್ಟಣವೆಲ್ಲ ಯೆನ್ನಾಯೆರ್ ಮಾಡಿತು. ಮಲ್ಹಾ ಒಂದು ಬಟ್ಟಲು ಕುಸ್ಕುಸ್ ಕೊಟ್ಟಳು. ಅದನ್ನು ಗೋಡೆ ನೋಡಿಕೊಂಡು ಒಬ್ಬನೇ ತಿಂದ. ಹಬ್ಬವೇನೋ ಮುಗಿಯಿತು, ಇನ್ನು ಅಪಶಕುನದ ಭಯವಿಲ್ಲ ಎನಿಸಿತು. ಮಾರನೆಯ ದಿನ ಜರಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಲಸಕ್ಕೆ ಹೋದ. ಊರಿನವರು ಯಾರಾದರೂ ಸಿಕ್ಕರೆ ಅಕ್ಕನಿಗೆ ತಲುಪಿಸಿ ಎಂದರಾಯಿತು. ಅದಕ್ಕಿಂತ ಹೆಚ್ಚೇನೂ ಅವನ ತಲೆಯಲ್ಲಿರಲಿಲ್ಲ.

ಮಧ್ಯಾಹ್ನದ ಇಘಿಲ್ ತಾಲಾ ವ್ಯಾನಿನಲ್ಲಿ ಒಂದು ಸೀಟು ತುಂಬದೆ ಉಳಿಯಿತು. ಕೂಗಿದ, ಕೂಗಿದ, ಗಂಟಲು ಕಟ್ಟಿತು. ಒಳಗೆ ಕೂತವರು ಬೈಯತೊಡಗಿದರು. ಒಬ್ಬ ಮುದುಕಿಯಂತೂ, "ಏಯ್, ಕತ್ತಲಾಗೋದ್ರೊಳಗೆ ಮನೆ ಸೇರ್ಬೇಕು ನಾವು! ಒಂದು ಸೀಟಿಗೆ ಎಷ್ಟು ಕಾಯ್ಸ್ತೀಯೋ?" ಎಂದು ಕೂಗಿದಳು.

ಸ್ಟೀರಿಂಗ್ ಹಿಡಿದು ಕೂತಿದ್ದ ಹಮ್ಮುವಿಗೂ ತಾಳ್ಮೆ ಕೆಟ್ಟಿತ್ತು. "ಅರೆಜ್ಕಿ, ನೀನೇ ಹತ್ತಿ ಕೂತ್ಕೊಳ್ಳಯ್ಯ ಅತ್ಲಾಗೆ, ಹೊರಡೋಣ" ಎಂದ. ತಮಾಷೆಗೇ ಹೇಳಿದ್ದು. ಅರೆಜ್ಕಿ ಅವನ ಮುಖ ನೋಡಿದ, ಖಾಲಿ ಸೀಟು ನೋಡಿದ. ಹತ್ತಿ ಕೂತ. ಹಮ್ಮು ತಕ್ಷಣ ಗಾಡಿ ಬಿಟ್ಟ.

ಊರಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಓಣಿಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಪ್ರತಿ ಮನೆಯಿಂದಲೂ ಹಬೆಯಲ್ಲಿ ಬೆಂದ ಕುಸ್ಕುಸ್ ವಾಸನೆ, ಕೋಳಿಯ ವಾಸನೆ. ಅಯ್ಯೋ ಪೆದ್ದೇ! ಬೆಟ್ಟದ ಮುದುಕರು ಸರ್ಕಾರದ ರಜೆ ನೋಡಿಕೊಂಡು ಹಬ್ಬ ಮಾಡುತ್ತಾರೆಯೇ? ಅವರದು ಹಳೆಯ ಎಣಿಕೆ. ಪಟ್ಟಣದ ಹಬ್ಬ ಮುಗಿದ ಮಾರನೆಯ ಸಂಜೆಯೇ ಇಲ್ಲಿಯ ಯೆನ್ನಾಯೆರ್. ಚಿಕ್ಕವನಿದ್ದಾಗ ಅವನಿಗೆ ತಾರೀಕಿನ ಗೊಡವೆ ಎಲ್ಲಿತ್ತು? ಅಮ್ಮ ಇವತ್ತು ಎಂದರೆ ಇವತ್ತೇ ಹಬ್ಬ. ಯಾವ ದಿನಕ್ಕೆ ಹೆದರಿ ವರ್ಷಗಟ್ಟಲೆ ತಪ್ಪಿಸಿಕೊಂಡನೋ, ಅದೇ ದಿನದ ಬಾಯಿಗೆ ಬಂದು ಬಿದ್ದಿದ್ದ. ಓಡಿಹೋಗೋಣ ಎಂದು ತಿರುಗಿದ. ಹಮ್ಮುವಿನ ವ್ಯಾನು ಆಗಲೇ ತಿರುವು ದಾಟಿ ಇಳಿಯುತ್ತಿತ್ತು.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಗಂಡ ತೀರಿಕೊಂಡ ಮೇಲೆ, ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆ ಸೇರಿದ ಮೇಲೆ, ಅವಳೂ ಒಬ್ಬಳೇ. ಚಾಪೆಯ ಮೇಲೆ ಹರಿವಾಣ ಇಟ್ಟುಕೊಂಡು ಕೂತಿದ್ದಳು. ಅಷ್ಟು ದೊಡ್ಡ ಹರಿವಾಣದ ಮುಂದೆ ಒಂದೇ ಜೀವ. ಕುಸ್ಕುಸ್‌ನಲ್ಲಿ ಹೆಣ್ಣುಮಕ್ಕಳ ಎರಡು ಚಮಚ ನಿಂತಿದ್ದವು. ಪಕ್ಕದಲ್ಲಿ ಇನ್ನೊಂದು. ಮರದ್ದು, ಹಿಡಿ ಸುಟ್ಟದ್ದು. ಅವನೇ ಚಿಕ್ಕವನಿದ್ದಾಗ ಒಲೆಗೆ ಹಾಕಿ ಅಮ್ಮನ ಕೈಲಿ ಏಟು ತಿಂದಿದ್ದ ಚಮಚ.

ಅರೆಜ್ಕಿಗೆ ಹೊಸ್ತಿಲಲ್ಲೇ ಅಳು ಬಂತು. ಜರಡಿಯನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದ.

ತಸ್ಸಾದಿತ್ ತಲೆಯೆತ್ತಿದಳು. ಅವನನ್ನೂ ಜರಡಿಯನ್ನೂ ನೋಡಿದಳು.

"ಬರ್ತೀನಿ ಅಂತ ಹೇಳಿರ್ಲಿಲ್ಲ" ಎಂದಳು.

"ಇಲ್ಲಕ್ಕ, ಹೇಳಿರ್ಲಿಲ್ಲ."

"ಅದಕ್ಕೇ ಬಂದಿದ್ದೀಯ."

ಅವಳು ಸುಟ್ಟ ಹಿಡಿಯ ಚಮಚವನ್ನು ಕಿತ್ತು, ಸೆರಗಿನಿಂದ ಹಿಡಿ ಒರೆಸಿ, ಅವನತ್ತ ಚಾಚಿದಳು. "ಕೂತ್ಕೋ. ಆರಿಹೋಗುತ್ತೆ."

ಕೂತ. ಜರಡಿಯನ್ನು ಪಕ್ಕಕ್ಕಿಟ್ಟ. ಇಬ್ಬರೂ ಒಂದೇ ಹರಿವಾಣದಿಂದ ತಿಂದರು. ಉಳಿದೆರಡು ಚಮಚಗಳು ಹಾಗೇ ನಿಂತಿದ್ದವು. ನಾಲ್ಕು ತುತ್ತು ಇಳಿಯುವಷ್ಟರಲ್ಲಿ ಅವನ ಹಳೇ ಚಟ ಗಂಟಲಿಗೆ ಬಂತು. "ಅಕ್ಕ, ಮುಂದಿನ ವರ್ಷ..." ಎಂದ.

ಅಕ್ಕನ ಕೈ ನಿಂತಿತು. ಮುಖ ಬಿಗಿಯಿತು.

ಅರೆಜ್ಕಿ ಬಾಯಲ್ಲಿದ್ದುದನ್ನು ನುಂಗಿದ.

"ಮುಂದಿನ ವರ್ಷ ಕಡಲೆ ಇನ್ನೊಂಚೂರು ಬೇಯಿಸು. ಹಲ್ಲಿಗೆ ಸಿಗ್ತಿದೆ."

"ಬಾಯಿ ಮುಚ್ಕೊಂಡು ತಿನ್ನೋ" ಎಂದು ತಸ್ಸಾದಿತ್ ಕೋಳಿಯ ಕಾಲನ್ನು ಅವನ ಕಡೆ ತಳ್ಳಿದಳು. ಆಮೇಲೆ ಒಲೆಯ ಕಡೆ ತಿರುಗಿಕೊಂಡು, ಬೇಕಿಲ್ಲದಿದ್ದರೂ ಬೆಂಕಿ ಕೆದಕುತ್ತ ಕೂತಳು.