ಹಳದಿ ಬೊಟ್ಟಿನ ಪೆಟ್ಟಿಗೆ

ಉದಗೀರದ ಪೇಟೆಯಲ್ಲಿ ಇನ್ನೂ ಒಂದು ಬಂಡಿಯೂ ಉರುಳಿಲ್ಲ. ಓಂಪ್ರಕಾಶ ಅವರ ರೇಡಿಯೋ ಅಂಗಡಿಯ ಬಾಗಿಲಿಗೆ ಆರು ಹಲಗೆ, ತೆರೆದಿರುವುದು ಒಂದೇ. ಒಳಗೆ ಹಸಿರು ಇಳಕಲ್ ಸೀರೆಯ ಹೆಂಗಸೊಬ್ಬರು ಗೋಡೆಗೆ ಮುಖ ಮಾಡಿ ಕೂತಿದ್ದಾರೆ. ಅವರ ಬೆನ್ನ ಹಿಂದೆ ಮೇಜಿನ ಮೇಲೆ ನಿನ್ನೆಯ ರೈಲಿನಲ್ಲಿ ಹೈದರಾಬಾದಿನಿಂದ ಬಂದ ನಾಲ್ಕು ಸ್ಪೀಕರುಗಳು. ಮೆಕ್ಯಾನಿಕ್ ದಿಗಂಬರ ಸವೆದ ರೆಕಾರ್ಡೊಂದರ ಮೇಲೆ ಮುಳ್ಳು ಇಟ್ಟು, ತಂತಿಯನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತಾರೆ. ಪ್ರತಿಯೊಂದರಲ್ಲೂ ಕೇಳುವುದು ಹಾಡಿನ ಮೊದಲ ಸಾಲಷ್ಟೇ.

"ಇದು ಬ್ಯಾಡ, ಮೂಗಿನಾಗ ಮಾತಾಡ್ತದ," ಎನ್ನುತ್ತಾರೆ ಆಕೆ, ತಿರುಗಿ ನೋಡದೆ. ಎರಡನೆಯದಕ್ಕೆ ಮುಂದಕ್ಕೆ ಎಂದು ಕೈ ಬೀಸುತ್ತಾರೆ. ಮೂರನೆಯದನ್ನು ಮತ್ತೊಮ್ಮೆ ಹಾಕಿಸುತ್ತಾರೆ. ಆಮೇಲೆ ಎದ್ದು ಬಂದು ಅದರ ಕಾಗದದ ಎದೆಯನ್ನು ಮೂರು ಬೆರಳಿನಿಂದ ಮೆಲ್ಲಗೆ ಒತ್ತಿ ಕಿವಿ ಹತ್ತಿರ ಒಯ್ಯುತ್ತಾರೆ. ಸೆರಗಿನ ಗಂಟು ಬಿಚ್ಚಿ, ಚಿಟಿಕೆ ಭಂಡಾರ ತೆಗೆದು, ಸ್ಪೀಕರಿನ ಬೆನ್ನಿಗೆ ಒಂದು ಬೊಟ್ಟು ಇಡುತ್ತಾರೆ. ಬೀರಪ್ಪನ ಹೆಸರಿನ ಅರಿಶಿನದ ಪುಡಿ ಅದು. ಅಂಗಡಿಯ ಪೂಜೆಯ ಗುರುತೆಂದು ಗಿರಾಕಿಗಳು ಬಹಳ ದಿನ ತಿಳಿದಿದ್ದರು. ಇದು ಮನೆಗೆ ಹೋಗಲು ಯೋಗ್ಯವಾದ ಮಾಲು ಎಂದು ಈಕೆ, ಬಂಡಮ್ಮ, ಹಾಕುವ ರುಜು ಎಂಬುದು ಈಗೀಗ ಗೊತ್ತಾಗುತ್ತಿದೆ.

ಬಂಡಮ್ಮನವರಿಗೆ ನಲವತ್ತೈದರ ಆಸುಪಾಸು. ಓದು ಬರಹ ಇಲ್ಲ. ಹುಟ್ಟಿದ್ದು ಉಮರ್ಗಾ ಹತ್ತಿರದ ದಾಳಿಂಬದಲ್ಲಿ, ಕುರಿ ಸಾಕುವ ಮನೆಯಲ್ಲಿ. ಕುರಿಗಳು ಮೇಯಲು ಹೋದಾಗ ಹಟ್ಟಿಯಲ್ಲಿ ಉಳಿದ ಮರಿಗಳನ್ನು ನೋಡಿಕೊಳ್ಳುವುದು ಹೆಣ್ಣುಮಕ್ಕಳ ಕೆಲಸ. ಸಂಜೆ ಹಿಂಡು ತಿರುಗಿ ಬಂದಾಗ ಅರವತ್ತು ತಾಯಿ, ಅರವತ್ತು ಮರಿ ಒಮ್ಮೆಲೆ ಒದರುತ್ತವೆ. ಯಾವ ಮರಿ ಯಾವ ತಾಯಿಯದೆಂದು ಗುರುತಿಸಿ ಮೊಲೆಗೆ ಬಿಡಬೇಕು. ತಪ್ಪಿದರೆ ತಾಯಿ ಒದೆಯುತ್ತದೆ, ಮರಿ ಹಸಿದು ಮಲಗುತ್ತದೆ.

"ಧೂಳಿನಾಗ ಕಣ್ಣಿಗಿ ಏನ್ ಕಾಣ್ತದ್ರೀ? ಎಲ್ಲಾ ಕಿವೀಲೆ ಮಾಡಬೇಕು," ಎನ್ನುತ್ತಾರೆ. "ಜಡ್ಡಾದ ಮರಿ ಒದರೋದ್ರಾಗೇ ತಿಳೀತದ. ದನಿ ಜೋರ ಇರ್ತದ, ಖರೆ, ತುದಿಗಿ ಹರೀತದ. ಈ ಪೆಟ್ಟಿಗಿಗೋಳೂ ಹಂಗೇ."

ಹುಲ್ಲುಗಾವಲುಗಳು ಒಂದೊಂದಾಗಿ ನೇಗಿಲಿಗೆ ಸಿಕ್ಕ ಮೇಲೆ ಗಂಡ ಬಕ್ಕಪ್ಪ ತಮ್ಮ ಪಾಲಿನ ಕುರಿಗಳನ್ನು ಅಣ್ಣನ ಹಿಂಡಿಗೆ ಸೇರಿಸಿ ಉದಗೀರಕ್ಕೆ ಬಂದು ಹತ್ತಿ ಗಿರಣಿ ಸೇರಿದರು. ಏಳು ವರ್ಷದ ಹಿಂದೆ ಬಂಡಮ್ಮ ಓಂಪ್ರಕಾಶರ ಅಂಗಡಿಗೆ ಬಂದದ್ದು ಕಸ ಗುಡಿಸಲಿಕ್ಕೆ. ಆಗ ಉದಗೀರ ಬೀದರ ಜಿಲ್ಲೆಯಲ್ಲಿತ್ತು. ಈಗ ಮೂರು ವರ್ಷದಿಂದ ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಸೇರಿದೆ. "ಜಿಲ್ಲಾ ಬದಲಾತು, ರಾಜ್ಯ ಬದಲಾತು, ಸೇಠರ ಬೋರ್ಡಿನ ಅಕ್ಷರ ಬದಲಾತು. ನನ್ನ ಕಸಬರಿಗಿ ಅಷ್ಟೇ ಬದಲಾಗಿಲ್ಲ," ಎಂದು ನಗುತ್ತಾರೆ. ಇವತ್ತಿಗೂ ಅಂಗಡಿ ಗುಡಿಸುವವರು ಅವರೇ.

ಕಿವಿಯ ಕೆಲಸ ಸಿಕ್ಕಿದ್ದು ಕಸ ಗುಡಿಸುವಾಗಲೇ. ಗುಂಯ್‌ಗುಡುವ ಒಂದು ಸೆಟ್ಟಿನೊಡನೆ ದಿಗಂಬರ ಮೂರು ದಿನದಿಂದ ಹೆಣಗುತ್ತಿದ್ದರು. ಮೇಜಿನ ಕೆಳಗೆ ಬಗ್ಗಿದ್ದ ಬಂಡಮ್ಮ ಅಲ್ಲಿಂದಲೇ, "ಅದರ ಗಂಟಲದಾಗ ಏನೋ ಸಿಕ್ಕದ ನೋಡಪ್ಪಾ, ಎಡಮಗ್ಗಲಿಗಿ," ಅಂದರಂತೆ. ಸ್ಪೀಕರು ಬಿಚ್ಚಿದರೆ ಎಡಮಗ್ಗುಲಿಗೇ ಸಾಗಣೆಗೆ ಪೆಟ್ಟಿಗೆಯಲ್ಲಿ ತುಂಬುವ ಹುಲ್ಲಿನ ಒಂದು ಎಳೆ ಸಿಕ್ಕಿತು.

"ನಾ ಸೆಟ್ಟಿನ ಹೊಟ್ಟಿ ಸೀಳಿ ಕರಳೆಲ್ಲಾ ಹೊರಗ ಹಾಕಿದ್ದೆ," ಎನ್ನುತ್ತಾರೆ ದಿಗಂಬರ. "ಆಕಿ ಕಸಬರಿಗಿ ಕೆಳಗ ಇಡಲಿಲ್ಲ, ನಿಂತು ಸುದ್ದಾ ನೋಡಲಿಲ್ಲ. ಆವತ್ತಿನಿಂದ ನಾ ಡಾಕ್ಟರ, ಆಕಿ ನನ್ನ ಸಾಹೇಬ."

ವಾರಕ್ಕೆ ಎಂಟು ಹತ್ತು ಸ್ಪೀಕರುಗಳನ್ನು ಬಂಡಮ್ಮ ಕೇಳುತ್ತಾರೆ. ಹತ್ತರಲ್ಲಿ ಮೂರು ಅವರ ಕೈಯಲ್ಲಿ ಸೋಲುತ್ತವೆ. ಸೋತವು ಜಾಹೀರಾತಿನ ಟಾಂಗಾಕ್ಕೋ ಮದುವೆಯ ಮೆರವಣಿಗೆಗೋ ಹೋಗುತ್ತವೆ. ಕೇಳುವ ಕೆಲಸ ಬೆಳಿಗ್ಗೆ ಮಾತ್ರ, ಪೇಟೆ ಏಳುವ ಮುನ್ನ. ರೆಕಾರ್ಡು ಏಳು ವರ್ಷದಿಂದ ಅದೊಂದೇ. ಹಾಡಿನ ಅರ್ಥ ಅವರಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಹಾಡು ಶುರುವಾಗುವ ಮುನ್ನ ಹಾಡುವಾಕೆ ಒಮ್ಮೆ ಉಸಿರು ಎಳೆದುಕೊಳ್ಳುತ್ತಾಳೆ. ಬಂಡಮ್ಮ ಕಾಯುವುದು ಅದಕ್ಕೆ.

"ಹಾಡ್ಲಕ ಎಲ್ಲಾ ಪೆಟ್ಟಿಗಿ ಹಾಡ್ತಾವ್ರೀ. ಉಸರ ಹಾಕೂ ಪೆಟ್ಟಿಗಿ ಬೇಕು. ಉಸರ ಕೇಳಿತಂದ್ರ ಆ ಹೆಣ್ಮಗಳು ಮನ್ಯಾಗ ಬಂದು ಕೂತಂಗ."

ಹೆಚ್ಚಿನ ಗಿರಾಕಿಗಳಿಗೆ ಇದೆಲ್ಲ ಬೇಕಿಲ್ಲ. ಅವರು ಬರುವುದು ನಡುಮಧ್ಯಾಹ್ನ, ಸಂತೆಯ ಗದ್ದಲದಲ್ಲಿ. ರಸ್ತೆಯಲ್ಲಿ ನಿಂತು, ಯಾವುದು ಜೋರು ಕೂಗುತ್ತದೋ ಅದನ್ನೇ ಕಟ್ಟಿಕೊಡು ಎನ್ನುತ್ತಾರೆ. ಬಂಡಮ್ಮ ಕಸಬರಿಗೆ ಹಿಡಿದುಕೊಂಡೇ ಕೇಳುವ ಪ್ರಶ್ನೆಗಳು ಬೇರೆ. ಮನೆಗೆ ಮಣ್ಣಿನ ಮಾಳಿಗೆಯೋ, ತಗಡೋ? ನೆಲ ಸಗಣಿ ಸಾರಿಸಿದ್ದೋ, ಫರಸಿ ಕಲ್ಲು ಹಾಸಿದ್ದೋ? ಪೆಟ್ಟಿಗೆ ಎಲ್ಲಿಡುತ್ತೀರಿ? ಕೊನೆಯದು ಯಾವಾಗಲೂ ಇದೇ: "ಹೆಣ್ಮಕ್ಕಳು ಎಲ್ಲಿ ಕೂಡ್ತಾರ?" ಈ ಪ್ರಶ್ನೆಗೆ ಗಂಡಸರು ತಬ್ಬಿಬ್ಬಾಗುತ್ತಾರೆ. ರೇಡಿಯೋ ಪಡಸಾಲೆಯಲ್ಲಿರುತ್ತದೆ, ಕೇಳುವ ಹೆಂಗಸರು ಎರಡು ಗೋಡೆ ದಾಟಿ ಒಲೆಯ ಮುಂದಿರುತ್ತಾರೆ. ಆ ಎರಡು ಗೋಡೆಯ ಲೆಕ್ಕ ಇಟ್ಟುಕೊಂಡು ಸ್ಪೀಕರು ಆರಿಸುವ ಅಂಗಡಿ ಈ ಸೀಮೆಯಲ್ಲಿ ಇದೊಂದೇ ಇರಬೇಕು.

"ಮನ್ಯಾಗ ನಾ ಮೂರು ಸಲ ಕೂಗಿದರ ಆಕಿಗಿ ಕೇಳಸಂಗಿಲ್ಲ," ಎಂಬುದು ಬಕ್ಕಪ್ಪನ ದೂರು. "ಡಬ್ಬಿ ಕೆಮ್ಮಿದರ ಮಾತ್ರ ಪೇಟಿ ತುದಿಯಿಂದ ಓಡಿ ಹೋಗ್ತಾಳ."

ಈ ಕಿವಿಯ ಮೇಲೆ ಒಮ್ಮೆ ಮಾತು ಬಂತು. ಹೋದ ಮಾಘದಲ್ಲಿ ನಿಲಂಗಾದ ವಿಶ್ವನಾಥಪ್ಪನವರು ತಮ್ಮ ರೇಡಿಯೋ ಸೆಟ್ಟಿಗೆ ಬೇರೆಯಾಗಿ ಜೋಡಿಸಲು ದೊಡ್ಡ ಸ್ಪೀಕರೊಂದನ್ನು ಕೊಂಡರು. ಹನ್ನೆರಡು ಇಂಚಿನದು, ಸಾಗವಾನಿ ಪೆಟ್ಟಿಗೆಯದು. ಬೆನ್ನಿಗೆ ಹಳದಿ ಬೊಟ್ಟು ಇತ್ತು. ನಾಲ್ಕನೇ ದಿನ ಮನೆಯ ಆಳು ಬಂದು ನಿಂತ: ಮಾಲು ಖೋಟಾ, ಸುದ್ದಿ ಓದುವವನು ಗಡಿಗೆಯಲ್ಲಿ ಬಾಯಿಟ್ಟು ಮಾತಾಡಿದಂತೆ ಕೇಳುತ್ತದೆ, ಪರತ ಒಯ್ಯಿರಿ.

ಓಂಪ್ರಕಾಶ ಬಂಡಮ್ಮನ ಮುಖ ನೋಡಿದರು. ದೊಡ್ಡ ಮನೆ, ಸುತ್ತ ಹತ್ತು ಹಳ್ಳಿಗೆ ಸುದ್ದಿ ಹಬ್ಬುತ್ತದೆ. "ನಿನ್ನ ಕಿವಿ ಎಲ್ಲಿ ಹೋಗಿತ್ತು ಬಂಡಮ್ಮ? ಇನ್ನ ಮ್ಯಾಲ ದಿಗಂಬರನೇ ನೋಡ್ಲಿ. ನೀ ಕಸ ಹೊಡಿ, ಸಾಕು," ಅಂದರು. ಏಳು ವರ್ಷದಲ್ಲಿ ಸೇಠರು ಅಂಥ ಮಾತು ಆಡಿರಲಿಲ್ಲ.

"ನನ್ನ ಕರಕೊಂಡು ಹೋಗ್ರಿ ಸೇಠ," ಅಂದರು ಬಂಡಮ್ಮ. "ಪೆಟ್ಟಿಗಿ ಖೋಟಾ ಇತ್ತಂದ್ರ ನಾಳಿಂದ ನಿಮ್ಮ ಅಂಗಡಿ ಪಾವಟಗಿ ತುಳಿಯಂಗಿಲ್ಲ."

ಮರುದಿನ ಇಬ್ಬರೂ ಬಸ್ಸು ಹಿಡಿದರು. ವಿಶ್ವನಾಥಪ್ಪನವರ ಪಡಸಾಲೆಯಲ್ಲಿ ಐದಾರು ಮಂದಿ ಗಂಡಸರು ಲೋಡಿಗೆ ಒರಗಿ ಕೂತಿದ್ದರು. ರೇಡಿಯೋ ಹಚ್ಚಿದರು. ಗಡಿಗೆಯ ದನಿಯೇ ಬಂತು. ಬಂಡಮ್ಮ ಅಂಗಳದಲ್ಲಿ ನಿಂತು ಕೇಳಿದರು. ಆಮೇಲೆ ಪೆಟ್ಟಿಗೆಯನ್ನು ಹೊಸ್ತಿಲ ಬಳಿ ಇಡಿಸಿದರು. ದನಿ ತಿಳಿಯಾಯಿತು. ಮತ್ತೆ ಮೊದಲಿನ ಜಾಗಕ್ಕೆ ಇಡಿಸಿದರು, ಮತ್ತೆ ಗಡಿಗೆ. ಆಗ ಅವರು ಪಡಸಾಲೆಗೆ ಬಂದು, ಗಂಡಸರ ನಡುವೆಯೇ, ಹಿಮ್ಮಡಿಯಿಂದ ಒಂದೊಂದೇ ಫರಸಿಯನ್ನು ಒತ್ತುತ್ತಾ ನಡೆದರು. ಟೊಳ್ಳು ಸದ್ದು ಮುಗಿದಲ್ಲೆಲ್ಲ ಭಂಡಾರದ ಚುಕ್ಕೆ ಇಟ್ಟರು. ಚುಕ್ಕೆಗಳು ಕೂಡಿ ಒಂದು ದುಂಡಗಿನ ಗೆರೆಯಾಯಿತು, ಪೆಟ್ಟಿಗೆ ಅದರ ನಟ್ಟನಡುವೆ.

"ಪೆಟ್ಟಿಗಿ ಚೆಂದ ಅದ್ರೀ ಮಾಲಕ್ರ. ಇದರ ಬುಡಕ್ಕ ಹಗೇವು ಅದ. ಖಾಲಿ ಅದ. ಅದು ಗುಂಯ್ ಅನ್ಲತ್ತದ."

ಜೋಳ ತುಂಬಿಡುವ ನೆಲದೊಳಗಿನ ಕಣಜ, ಹಗೇವು, ಆ ಮನೆಯಲ್ಲಿ ಹಿಂದೆ ಇದ್ದದ್ದು ನಿಜ. ವಿಶ್ವನಾಥಪ್ಪ ನಕ್ಕರು. "ಇತ್ತು. ಅದನ್ನ ಮುಚ್ಚಿ ಹನ್ನೊಂದು ವರ್ಷ ಆತು. ಹದಿನಾರು ಬಂಡಿ ಮಣ್ಣು ತುಂಬಿಸಿ ಮ್ಯಾಲ ಫರಸಿ ಹಾಕ್ಯದ. ನಮ್ಮ ಮನಿ ನೆಲದಾಗ ಏನದ ಅಂತ ಕುರಿ ಕಾಯೋರು ಬಂದು ಹೇಳಬೇಕೇನು?"

"ಮಣ್ಣು ತುಂಬಿದ್ದು ನೀವು ನೋಡೀರೇನ್ರೀ?"

"ನಾ ಆಗ ಗಡಿ ಆಚಿ ಇದ್ದೆ, ಹೋರಾಟದ ಕ್ಯಾಂಪಿನಾಗ. ತಿರುಗಿ ಬರೋದ್ರಾಗ ಅವ್ವ ಎಲ್ಲಾ ಮಾಡಿಸಿದ್ಲು."

ಓಂಪ್ರಕಾಶ ಬಂಡಮ್ಮನ ಕಡೆ ಬಗ್ಗಿ, "ಬಿಡು ಬಂಡಮ್ಮ, ಬಸ್ಸಿನ ಟೈಮ್ ಆತು," ಅಂದರು. ಪೆಟ್ಟಿಗೆ ಎತ್ತಿಸಲು ಆಳನ್ನು ಕರೆದರು.

ಅಡಿಗೆಮನೆಯ ಬಾಗಿಲಲ್ಲಿ ಬಳೆ ಸದ್ದಾಯಿತು. ವಿಶ್ವನಾಥಪ್ಪನವರ ತಾಯಿ ಪ್ರಯಾಗಬಾಯಿ, ಎಪ್ಪತ್ತು ದಾಟಿದವರು, ಹೊರಗಿನವರ ಎದುರು ಎಂದೂ ಮಾತಾಡಿದವರಲ್ಲ. ಸೆರಗು ಸರಿಮಾಡಿಕೊಂಡು ಹೊಸ್ತಿಲ ಮೇಲೆ ನಿಂತರು.

"ಆಕಿ ಖರೆ ಹೇಳ್ಲತ್ತಾಳ, ವಿಶ್ವಾ. ಹಗೇವು ಖಾಲಿ ಅದ."

"ಮತ್ತ ಆ ಹದಿನಾರು ಬಂಡಿ ಮಣ್ಣು?"

"ಹಿತ್ತಲಿಗಿ ಹಾಕಿಸ್ದೆ. ಬದನಿಕಾಯಿ ಚೊಲೋ ಬಂದಾವಂತ ನೀನೇ ಹೊಗಳ್ತಿದ್ದಿ."

ಯಾರೋ ನಗಲು ಹೋಗಿ ನಿಲ್ಲಿಸಿದರು. ಪ್ರಯಾಗಬಾಯಿ ಆ ವರ್ಷದ ಮಾತನ್ನು ಹೇಳಿದ್ದು ಆಗಲೇ, ಮೊದಲ ಸಲ. ನಲವತ್ತೆಂಟರ ಗಲಾಟೆಯ ಬೇಸಿಗೆಯಲ್ಲಿ, ಗಂಡಸರಿಲ್ಲದ ಮನೆಯಲ್ಲಿ, ಇಬ್ಬರು ಸೊಸೆಯಂದಿರನ್ನೂ ಮೊಮ್ಮಗಳನ್ನೂ ಕರೆದುಕೊಂಡು ಅವರು ಎರಡು ಹಗಲು ಆ ಹಗೇವಿನಲ್ಲಿ ಕೂತಿದ್ದರು. ಪೋಲೀಸ್ ಆಕ್ಷನ್ ಆಯಿತು, ಗಾಳಿ ತಿರುಗಿತು, ಹೆದರುವ ಸರದಿ ಮುಸಲ್ಮಾನರದಾಯಿತು. ಆಗ ಹಿಂದಿನ ಗಲ್ಲಿಯ ಪಿಂಜಾರರ ಹೆಂಗಸು ಮೂರು ಮಕ್ಕಳೊಡನೆ ಹಿತ್ತಲ ಬಾಗಿಲು ಬಡಿದಳು. ಅವರು ಅದೇ ಹಗೇವಿನಲ್ಲಿ ನಾಲ್ಕು ದಿನ ಕೂತರು. ಪ್ರಯಾಗಬಾಯಿ ಅದರ ಬಾಯಿಗೆ ಬೀಸುಕಲ್ಲು ಹಾಕಿಕೊಂಡು, ಗಾಳಿಗೆ ಬೆರಳಷ್ಟು ಸಂದು ಬಿಟ್ಟು, ಹಗಲೆಲ್ಲ ಬೀಸುತ್ತ ಕೂತರು.

"ನಾವು ಕೂತಿದ್ದೂ ಅಲ್ಲೇ, ಅವರು ಕೂತಿದ್ದೂ ಅಲ್ಲೇ. ತುಂಬಿಸಬೇಕಂದ್ರ ಕೈ ಬರಲಿಲ್ಲಪ್ಪಾ. ಮತ್ತ ಯಾರಿಗಿ ಬೇಕಾಗ್ತದೋ ಅಂತ ಮ್ಯಾಲ ಫರಸಿ ಅಷ್ಟೇ ಹಾಕಿಸ್ದೆ," ಅಂದರು. ಬಂಡಮ್ಮನ ಕಡೆ ತಿರುಗಿ, "ಹನ್ನೊಂದು ವರ್ಷ ಈ ಮನ್ಯಾಗ ಯಾರಿಗೂ ಕೇಳಸಲಿಲ್ಲ ನೋಡು, ತಂಗಿ," ಎಂದರು.

ವಿಶ್ವನಾಥಪ್ಪ ಎದ್ದು ಆ ಹಳದಿ ಗೆರೆಯ ಸುತ್ತ ಒಮ್ಮೆ ನಡೆದರಂತೆ. ಕೊನೆಗೆ, "ಆಗ್ಲಿ, ನಾಳಿಗೇ ಮಣ್ಣು ತರಿಸ್ತೀನಿ. ಪೆಟ್ಟಿಗಿ ಇಲ್ಲೇ ಇರ್ಲಿ," ಅಂದರು. ಬಂಡಮ್ಮ ತಡೆದರು.

"ಮಣ್ಣು ಹಾಕ್ಲಕ ಹದಿನಾರು ಬಂಡಿ ಬೇಕು, ಮಾಲಕ್ರ. ಪೆಟ್ಟಿಗಿ ಸರಿಸ್ಲಕ ಇಬ್ಬರು ಸಾಕು."

ಹಾಗೆಂದು ಒಂದು ಮಗ್ಗುಲು ತಾವೇ ಹಿಡಿದು, ಇನ್ನೊಂದು ಮಗ್ಗುಲನ್ನು ಸೇಠರಿಗೆ ಹಿಡಿಸಿ, ಪೆಟ್ಟಿಗೆಯನ್ನು ಅಡಿಗೆಮನೆಯ ಗೋಡೆಗೆ ಹತ್ತಿದ ಕಟ್ಟೆಯ ಮೇಲೆ, ಮಡಿಚಿದ ಕೌದಿ ಹಾಸಿ ಇಟ್ಟರು. ಸುದ್ದಿ ಮುಗಿದು ಯಾರೋ ಹಾಡುತ್ತಿದ್ದರು. ಪಡಸಾಲೆಗೂ ಕೇಳಿತು, ಒಲೆಯ ಮುಂದೆಯೂ ಕೇಳಿತು.

ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದರೆ ಪ್ರಯಾಗಬಾಯಿ, "ಬರೀಲಿ. ಆ ಪಿಂಜಾರ್ತಿ ಈಗ ಯಾವೂರಾಗ ಅದಾಳೋ, ಯಾರಾದರೂ ಓದಿ ಹೇಳ್ಯಾರು," ಎನ್ನುತ್ತಾರೆ.

ಈಗ ಉಮರ್ಗಾ, ಯೆಣೆಗೂರ, ಶಿರೂರ ಅನಂತಪಾಳದಿಂದ ಬರುವ ಗಿರಾಕಿಗಳು ಮೊದಲು ಪೆಟ್ಟಿಗೆಯ ಬೆನ್ನು ತಿರುಗಿಸಿ ಹಳದಿ ಬೊಟ್ಟು ಇದೆಯೇ ಎಂದು ನೋಡುತ್ತಾರೆ. ಹೆಂಗಸರೂ ಜೊತೆಗೆ ಬರತೊಡಗಿದ್ದಾರೆ. ಆ ಹೆಂಗಸರಿಗಾಗಿ ಓಂಪ್ರಕಾಶ ಒಳಗೆ ಒಂದು ಚಾಪೆ ಹಾಸಿಸಿದ್ದಾರೆ. "ನಿಲಂಗಾದಿಂದ ಬರೋವಾಗ ಬಸ್ಸಿನ್ಯಾಗ ಆಕಿಗಿ ಸೀಟು ಬಿಟ್ಟು ನಾ ನಿಂತೇ ಬಂದೆ," ಎಂದು ಅವರು ಒಪ್ಪಿಕೊಳ್ಳುತ್ತಾರೆ. "ಅಂಗಡಿ ನಂದು, ಕಿವಿ ಆಕೀದು. ಈಗ ಗಿರಾಕಿ ಮುಂದನೇ ಹೇಳ್ತೀನಿ."

ಬಂಡಮ್ಮನವರ ಮನೆಯಲ್ಲಿ ರೇಡಿಯೋ ಇಲ್ಲ. ಒಂದೇ ಕೋಣೆ, ಬಕ್ಕಪ್ಪನ ಗೊರಕೆಯೇ ಸಾಕು ಎನ್ನುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಭಂಡಾರದ ಗಂಟನ್ನು ಸೆರಗಿಗೆ ಬಿಗಿಯುತ್ತ ಹೇಳುತ್ತಾರೆ. "ನಾ ಬೊಟ್ಟಿಟ್ಟು ಕಳಿಸಿದ ಪೆಟ್ಟಿಗಿ ಒಂದೊಂದೂ ಅದರ ಮನ್ಯಾಗ ಹೋಗಿ ಒಂದ್ಸಲ ಕೇಳಬೇಕ್ರೀ. ಕೊಟ್ಟ ಮಗಳ ಮನಿ ನೋಡಿ ಬಂದಂಗ."

ಒಂದು ಮನೆಯನ್ನಂತೂ ನೋಡಿ ಬಂದಿದ್ದಾರೆ. ಹೋದ ತಿಂಗಳು ನಿಲಂಗಾಕ್ಕೆ ಹೋಗಿ ಪ್ರಯಾಗಬಾಯಿಯವರ ಒಲೆಯ ಪಕ್ಕ ಕೂತು ಬದನೆಕಾಯಿ ಪಲ್ಯ, ರೊಟ್ಟಿ ತಿಂದು, ಹಾಡುವಾಕೆಯ ಉಸಿರು ಕೇಳಿ ಬಂದರು. ಹೊರಡುವಾಗ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಆ ಫರಸಿಯ ಮೇಲೆ ಹಿಮ್ಮಡಿ ಒತ್ತಿ ನೋಡಿದರಂತೆ.

"ತುಂಬಿಸಿಲ್ಲ. ಹಂಗೇ ಅದ," ಎನ್ನುತ್ತಾರೆ ಬಂಡಮ್ಮ, ಕಸಬರಿಗೆ ಕೈಗೆತ್ತಿಕೊಳ್ಳುತ್ತ. "ನನ್ನ ಕಿವಿನೂ ಹಂಗೇ ಅದ."